ಪಾಲಿಯೋ ಪುರಾಣ - ಮೊದಲು ಬ್ರೇಕು, ಆಮೇಲೆ ಸದ್ದು

ಹೋದ ಸಲ ನಮ್ಮ ಕೆಂಪು ಪಾಲಿಯೋದ ಫೋಟೋ ಹಾಕಿದ್ದೆ ನೋಡಿ, ಅದಕ್ಕೆ ಎರಡು ಥರದ ಮಾತು ಬಂತು. ಒಂದು, "ಇಪ್ಪತ್ತು ವರ್ಷ ದಾಟಿದ ಕಾರಿಗೆ ಯಾಕೆ ಮಾರಾಯ ದುಡ್ಡು ಸುರೀತೀಯಾ, ಗುಜರಿಗೆ ಹಾಕಿ ಹೊಸದು ತಗೋ". ಇನ್ನೊಂದು, "ಗುರು, ಇಷ್ಟು ಮಾಡಿದ್ದೀಯ, ಒಂದು ಟರ್ಬೋ ಹಾಕಿಸಿಬಿಡು" :-) ಇಬ್ಬರಿಗೂ ಸೇರಿಸಿ ಉತ್ತರ ಬರೆಯೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಗೊತ್ತಿಲ್ಲದವರಿಗೆ ಮೊದಲು ಕಾರಿನ ಜಾತಕ. ಫಿಯಟ್ ಪಾಲಿಯೋ ನಮ್ಮ ದೇಶಕ್ಕೆ ಬಂದಿದ್ದು 2001ರಲ್ಲಿ. ಸಚಿನ್ ತೆಂಡೂಲ್ಕರ್ ಜಾಹೀರಾತಿನಲ್ಲಿದ್ದರು. ಸಾಧಾರಣ 1.2 ಲೀಟರ್ ಇಂಜಿನ್ನಿಂದೇ ಹೆಚ್ಚು ಮಾರಾಟವಾಯ್ತು. ಆದರೆ ಅದೇ ಡಬ್ಬಿಯೊಳಗೆ 1.6 ಲೀಟರಿನ, 16 ವಾಲ್ವಿನ, 100 ಕುದುರೆ ಶಕ್ತಿಯ ಇಂಜಿನ್ ಕೂರಿಸಿದ ಒಂದು ಮಾದರಿಯೂ ಇತ್ತು. ಅವತ್ತಿಗೆ ಬೀದಿ ತುಂಬ ಓಡಾಡ್ತಿದ್ದ ಮಾರುತಿ ಝೆನ್ನಿನದ್ದು 1 ಲೀಟರ್ ಇಂಜಿನ್ನು, ಅದರ ಹೆಚ್ಚುಕಮ್ಮಿ ಎರಡರಷ್ಟು ಶಕ್ತಿ ಇದಕ್ಕೆ. ಯುರೋಪಿನವರು 'ಹಾಟ್ ಹ್ಯಾಚ್' ಅಂತ ಕರೆಯೋದು ಇಂಥದ್ದನ್ನೇ. ಮನೆಗೆ ತರಕಾರಿ ತರೋ ಕಾರಿಗೇ ದೊಡ್ಡ ಇಂಜಿನ್ನು, ಗಟ್ಟಿ ಸಸ್ಪೆನ್ಷನ್ನು ಹಾಕಿ ಮಜಾ ಮಾಡೋದು. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಜಾತಿಗೆ ಹೆಸರು ತಂದುಕೊಟ್ಟ ಕಾರು. ಅದರದ್ದೂ 1.6 ಲೀಟರ್ ಇಂಜಿನ್ನೇ, 110 ಕುದುರೆ. ಅದರ ಮರಿಮಕ್ಕಳಲ್ಲೊಂದು 2025ರಲ್ಲಿ ಇಲ್ಲಿಗೂ ಬಂತು, ಬೆಲೆ 53 ಲಕ್ಷದ ಆಸುಪಾಸು. ನಮ್ಮಂಥವರ ಪಾಲಿಗೆ ಪಾಲಿಯೋನೇ ಗಾಲ್ಫು ಬಿಡಿ.

ನಮ್ಮದನ್ನು 2003ರಲ್ಲಿ ಕೊಂಡಿದ್ದು ಚಾಮರಾಜನಗರದ ನನ್ನ ಸೋದರಮಾವ. ಬಾಳೆ ತೋಟ ಕೈ ಹಿಡಿದಿದ್ದ ವರ್ಷ ಅದು. ನನಗಾಗ ಐದು ವರ್ಷ. ತೆರಕಣಾಂಬಿ ದಾಟಿ ಗುಂಡ್ಲುಪೇಟೆಯ ನಮ್ಮ ಮನೆಗೆ ಮಾವ ಬರೋರು. ಮುಂದಿನ ಸೀಟಲ್ಲಿ ನನ್ನ ಕೂರಿಸಿಕೊಂಡು ಊರು ಒಂದು ಸುತ್ತು ಹಾಕಿಸೋರು. ಆಮೇಲೆ ಈ ಕಾರು ಪೆಟ್ರೋಲು ಕುಡಿಯುತ್ತೆ ಅನ್ನೋ ಅಪಖ್ಯಾತಿ ಬಂತು (ಸುಳ್ಳಲ್ಲ, ನನಗೂ ಲೀಟರಿಗೆ ಹತ್ತು ದಾಟಿಲ್ಲ). 2019ರಲ್ಲಿ ಮಾವ ಡೀಸಲ್ ಗಾಡಿ ತಗೊಂಡ ಮೇಲೆ ಇದು ಶೆಡ್ಡು ಸೇರಿತು. 2022ರಲ್ಲಿ ನಾನು ಕೇಳಿದಾಗ, "ತಗಂಡೋಗ್ಲಾ ಅಳೀಮಯ್ಯ, ಇಲಿಗಾದ್ರೂ ಮನೆ ತಪ್ಲಿ" ಅಂದರು. ನಿಜವಾಗಿಯೂ ಇಲಿ ಸಂಸಾರ ಹೂಡಿತ್ತು. ಏಸಿ ಬ್ಲೋವರ್ ಬಿಚ್ಚಿದರೆ ಒಂದು ಸೇರು ಕಡ್ಲೆಕಾಯಿ ಸಿಪ್ಪೆ!

ಈಗ ನನ್ನ ತಪ್ಪಿನ ಕಥೆ. ಈ ಬರಹ ಬರೆಯೋದಕ್ಕೆ ಕಾರಣವೇ ಅದು.

ನಾನು ಓದಿದ್ದು ಇಂಜಿನಿಯರಿಂಗು, ಮಾಡೋದು ಸಾಫ್ಟ್‌ವೇರು, ಅಂದರೆ ಸ್ಪ್ಯಾನರ್ ಹಿಡಿಯೋಕೆ ಬರಲ್ಲ, ಆದರೆ ಎಲ್ಲಾ ಗೊತ್ತು ಅನ್ನೋ ಭ್ರಮೆ ಇರುತ್ತೆ. ಶನಿವಾರ ಬೆಂಗಳೂರಿಂದ ಊರಿಗೆ ಬರೋದು, ಹಿತ್ತಲಲ್ಲಿ ಜಾಕ್ ಹಾಕೋದು, ವಿಡಿಯೋ ನೋಡಿಕೊಂಡು ಬಿಚ್ಚೋದು. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಪ್ಲಗ್ಗು, ಆಯಿಲ್ಲು ಎಲ್ಲಾ ಹೊಸದು ಹಾಕಿದೆ. ನಾಲ್ಕನೇ ವಾರಕ್ಕೆ ಇಂಜಿನ್ ಎದ್ದು ಕೂತಾಗ ಅಮ್ಮ ಒಲೆ ಮೇಲಿನ ಹಾಲು ಬಿಟ್ಟು ಹೊರಗೆ ಬಂದು ನೋಡಿದಳು. ಅಲ್ಲಿವರೆಗೂ ಸರಿ ಇತ್ತು.

ಆಮೇಲೆ ತಲೆಗೆ ಏರಿತು. ಫ್ರೀ ಫ್ಲೋ ಎಕ್ಸಾಸ್ಟಿಗೆ 18,000. ಕಂಪನಿ ಕೊಟ್ಟಿದ್ದಕ್ಕಿಂತ ಎರಡು ಇಂಚು ದೊಡ್ಡ ಅಲಾಯ್ ಚಕ್ರ, ಅಗಲ ಟೈರು, ಒಟ್ಟು 42,000. ಇಂಜಿನ್ನಿಗೆ ದೊಡ್ಡ ಬಾಯಿಯ ಏರ್ ಫಿಲ್ಟರು. ನಮ್ಮ ಬೀದಿ ಕೊನೇಲಿ ಟ್ರ್ಯಾಕ್ಟರು, ಜೀಪು ರಿಪೇರಿ ಮಾಡುವ ಮೇಸ್ತ್ರಿ ಒಬ್ಬರಿದ್ದಾರೆ. ಸದ್ದು ಕೇಳಿ ಈಚೆ ಬಂದು, "ಏನ್ ಇಂಜಿನಿಯರ್ರೇ, ಸದ್ದ್ ಮಾಡಕ್ಕೆ ಹದಿನೆಂಟ್ ಸಾವ್ರ ಕೊಟ್ಬುಟ್ರಾ? ನನ್ನ ಕೇಳಿದ್ರೆ ಸೈಲೆನ್ಸರ್‌ಗೆ ಎಲ್ಡ್ ತೂತ ಬಿಟ್ಟೀಲೆ ಹೊಡ್ಕೊಡ್ತಿದ್ನಲ್ಲ" ಅಂದರು. ಅವತ್ತು ಬೇಜಾರಾಯ್ತು. ಆದರೆ ಅವರು ಕೇಳಿದ ಎರಡನೇ ಪ್ರಶ್ನೆ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. "ಬ್ರೇಕ್ ಆಯಿಲ್ ಬದಲಾಯಿಸ್ದಾ?"

2023ರಲ್ಲಿ 20 ವರ್ಷ ತುಂಬಿತು, ನೋಂದಣಿ ನವೀಕರಣಕ್ಕೆ ಕಾರು ತಪಾಸಣೆ ಆಗಬೇಕು. ನಾನು ಜಾಣತನ ಮಾಡಿ ಹಳೇ ಸೈಲೆನ್ಸರು, ಹಳೇ ಚಕ್ರ ಹಾಕಿಕೊಂಡು ಹೋದೆ (ಹೌದು, ಬೈಯಿರಿ). ಯಾವ ಕಚೇರಿ ಅಂತ ಹೇಳಲ್ಲ. ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟು, ದೀಪ, ಹಾರನ್ನು, ಹೊಗೆ ಸರ್ಟಿಫಿಕೇಟು ನೋಡಿದರು. ಶುಲ್ಕ 5,000 ಕಟ್ಟಿದ್ದೆ. 2028ರವರೆಗೆ ಓಡಿಸಬಹುದು ಅಂತ ಕಾಗದ ಬಂತು. ಬ್ರೇಕನ್ನು ಯಾರೂ ಒತ್ತಿ ನೋಡಲಿಲ್ಲ. ನಾನೂ ಅಷ್ಟೇ. ಮನೆಗೆ ಬಂದು ಮತ್ತೆ ಸದ್ದಿನ ಪೈಪು ಏರಿಸಿದೆ.

ಐದು ತಿಂಗಳಾದ ಮೇಲೆ ಅಮ್ಮ, ಮಾವ, ನಾನು ಬಣ್ಣಾರಿ ಅಮ್ಮನ ದೇವಸ್ಥಾನಕ್ಕೆ ಹೊರಟೆವು. ಚಾಮರಾಜನಗರದಿಂದ ಪುಣಜನೂರು, ಹಾಸನೂರು, ಆಮೇಲೆ ದಿಂಬಂ. ಆ ಘಾಟಿಯಲ್ಲಿ ಇಳಿದವರಿಗೆ ಗೊತ್ತು, 27 ಹೇರ್‌ಪಿನ್ ತಿರುವು, ಎದುರಿಗೆ ಏದುಸಿರು ಬಿಡ್ತಾ ಏರೋ ಲಾರಿಗಳು. ನಾನು ಎರಡನೇ ಗೇರಲ್ಲಿ ಇಳಿಯೋ ಬದಲು ಮೂರರಲ್ಲಿ ಬಿಟ್ಟುಕೊಂಡು, ಪ್ರತಿ ತಿರುವಿಗೆ ಬ್ರೇಕ್ ಒತ್ತಿ, ಮತ್ತೆ ಆಕ್ಸಿಲರೇಟರ್ ಕೊಟ್ಟು ಸದ್ದು ಕೇಳಿಸಿಕೊಂಡು... ಅರ್ಧ ಘಾಟಿ ಇಳಿಯೋ ಹೊತ್ತಿಗೆ ಪೆಡಲು ಬೆಣ್ಣೆ ಥರ ಒಳಗೆ ಹೋಯಿತು. ಇನ್ನೊಂದು ಸಲ ಒತ್ತಿದೆ, ನೆಲಕ್ಕೆ ತಾಗಿತು. ಮುಂದೆ ತಿರುವು, ತಿರುವಲ್ಲಿ ಲಾರಿ.

ಎರಡಕ್ಕೆ, ಒಂದಕ್ಕೆ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿ ಅಂಚಿಗೆ ತಾಗಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಒಂದು ಚಕ್ರದ ಅಂಚು ಕೆತ್ತಿ ಹೋಯ್ತು. ಅಮ್ಮ ಮಾತಾಡಲಿಲ್ಲ, ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಮಾವ ಕೆಳಗಿಳಿದು ಚಕ್ರದಿಂದ ಬರೋ ಹೊಗೆ ನೋಡಿ, "ನಾ ಓಡಿಸ್ವಾಗ ಸದ್ದ್ ಮಾಡ್ದೆ ನಿಂತ್ಕತಿತ್ತು ಕನ್ಲಾ. ನೀ ಸದ್ದ್ ಕಲಿಸ್ದೆ, ಅದು ನಿಲ್ಲೋದ್ನೆ ಮರ್ತ್ಬುಡ್ತು" ಅಂದರು.

ಏನಾಗಿತ್ತು ಅಂತ ಆಮೇಲೆ ಮೇಸ್ತ್ರಿ ಜೊತೆ ಕೂತು ನೋಡಿದ್ದು. ಬ್ರೇಕ್ ಆಯಿಲ್ ಅನ್ನೋದು ಗಾಳಿಯಲ್ಲಿರೋ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತೆ. ಡಾಟ್ 4 ಅಂತ ಬರುತ್ತಲ್ಲ, ಅದು ಹೊಸದಾಗಿದ್ದಾಗ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದದ್ದಕ್ಕೆ ನಿಗದಿ ಮಾಡಿರೋ ಮಿತಿ 155 ಡಿಗ್ರಿ. ನಮ್ಮದು ವರ್ಷಗಟ್ಟಲೆ ಶೆಡ್ಡಲ್ಲಿ ನಿಂತ ಕಾರಿನ ಆಯಿಲು, ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಘಾಟಿಯ ಬಿಸಿಗೆ ಒಳಗೇ ಕುದಿಯಿತು. ದ್ರವವನ್ನು ಒತ್ತಿದರೆ ಒತ್ತಡ ಹಾಗೇ ಚಕ್ರಕ್ಕೆ ಹೋಗುತ್ತೆ, ಆವಿಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತೆ. ಪೆಡಲು ಬೆಣ್ಣೆಯಾಗಿದ್ದು ಅದಕ್ಕೇ. ಹಿಂದಿನ ಡ್ರಮ್ಮುಗಳಲ್ಲಿ ಒಂದರ ಸಿಲಿಂಡರು ಬೇರೆ ಸೋರುತ್ತಿತ್ತು. ಮೇಲಿಂದ ನನ್ನ ದೊಡ್ಡ ಚಕ್ರ. ಚಕ್ರದ ಸುತ್ತಳತೆ ಹೆಚ್ಚಾದಷ್ಟೂ ಅದೇ ಬ್ರೇಕಿಗೆ ನಿಲ್ಲಿಸೋ ಬಲ ಕಡಿಮೆ, ಭಾರವೂ ಜಾಸ್ತಿ. ಕಂಪನಿಯವರು ಕೊಟ್ಟ ಬ್ರೇಕಲ್ಲಿ ತಪ್ಪಿರಲಿಲ್ಲ, ಅದಕ್ಕೆ ನಾನು ಕೊಟ್ಟ ಕೆಲಸದಲ್ಲಿ ತಪ್ಪಿತ್ತು. ನಮ್ಮ ಆಫೀಸಲ್ಲಿ ಟೆಸ್ಟೇ ಇಲ್ಲದ ಹಳೇ ಕೋಡಿಗೆ ಯಾರಾದರೂ ಹೊಸ ಫೀಚರ್ ತುರುಕಿದರೆ ನಾನೇ ಕೂಗಾಡ್ತೀನಿ. ಮನೇಲಿ ಮಾಡಿದ್ದು ಅದನ್ನೇ.

ಮಾಸ್ಟರ್ ಸಿಲಿಂಡರ್ ಕಿಟ್ಟು, ನಾಲ್ಕೂ ಹೋಸು, ಡಿಸ್ಕು, ಪ್ಯಾಡು, ಹಿಂದಿನ ಸಿಲಿಂಡರು, ಆಯಿಲ್ಲು. ಒಟ್ಟು ಖರ್ಚು 11,400 ರೂಪಾಯಿ, ಮೇಸ್ತ್ರಿ ಕೂಲಿ ಸೇರಿ. ಎಕ್ಸಾಸ್ಟಿಗಿಂತ ಕಡಿಮೆ! ಫಿಯಟ್ ಕಾರು ಮಾರೋದನ್ನು ನಿಲ್ಲಿಸಿ ವರ್ಷಗಳಾದವು, ಹಾಗಾಗಿ ಸಾಮಾನು ಹುಡುಕೋದೇ ದೊಡ್ಡ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ವಲ್ಪ, ಕೊಯಮತ್ತೂರಿನಲ್ಲಿ ಸ್ವಲ್ಪ ಸಿಕ್ಕಿತು. ಕೊಯಮತ್ತೂರಿಗೆ ಮೋಟಾರ್ ರೇಸಿನ ಹುಚ್ಚು ಹಳೆಯದು. ಮಾರುತಿ 800ರ ಇಂಜಿನ್ ಇಟ್ಟುಕೊಂಡು 'ಫಾರ್ಮುಲಾ ಮಾರುತಿ' ರೇಸ್ ಕಾರು ಮಾಡಿದ ಎಸ್. ಕರಿವರ್ಧನ್ ಆ ಊರಿನವರು. ಅವರ ಹೆಸರಿನ ರೇಸ್ ಟ್ರ್ಯಾಕ್ ಈಗಲೂ ಅಲ್ಲಿದೆ. ಅಲ್ಲಿನ ಒಬ್ಬ ಅಂಗಡಿಯವರು ಪ್ಯಾಡು ಕೊಡುವಾಗ ಕೇಳಿದ್ದು ಒಂದೇ, "ರೇಸಿಗಾ, ಮನೆಗಾ?" ಮನೆಗೆ ಅಂದೆ. ರೇಸಿನ ಪ್ಯಾಡು ತಣ್ಣಗಿದ್ದಾಗ ಹಿಡಿಯಲ್ಲ, ಬೇಡ ಅಂತ ಸಾಧಾರಣದ್ದೇ ಕೊಟ್ಟರು. ಇಂಥ ಅಂಗಡಿಯವರಿಗೆ ಕೈ ಮುಗಿಯಬೇಕು.

ಈಗ ಟರ್ಬೋ ಅಂದವರಿಗೆ. ಓಡಿಸೋದೆಲ್ಲಿ ಸ್ವಾಮಿ? ಗುಂಡ್ಲುಪೇಟೆಯಿಂದ ಊಟಿ ಕಡೆ ಹೊರಟರೆ ಬಂಡೀಪುರ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರುತ್ತೆ (2009ರಿಂದ), ಹಗಲಲ್ಲಿ ಮಾರು ಮಾರಿಗೆ ಹಂಪು. ಇರಲೂ ಬೇಕು, ಅದು ಜಿಂಕೆ ಆನೆಗಳ ಮನೆ. ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಕಾರು ಬಿಡೋದೇ ಇಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಇರೋ 100 ಕುದುರೆಯಲ್ಲಿ ಐವತ್ತು ಯಾವಾಗಲೂ ಲಾಯದಲ್ಲೇ ಮಲಗಿರ್ತವೆ. ಸಸ್ಪೆನ್ಷನ್ ತಗ್ಗಿಸು ಅಂದವರು ಒಮ್ಮೆ ನಮ್ಮ ಬೀದಿಗೆ ಬಂದು ಹೋಗಿ.

ಹಾಗಂತ ಬದಲಾವಣೆಯೇ ಬೇಡ ಅಂತಲ್ಲ. ನಾನು ಮಾಡಿದ್ದರಲ್ಲಿ ಉಳಿಸಿಕೊಂಡಿರೋದು ಹೆಡ್‌ಲೈಟಿನ ರಿಲೇ. ಹಳೇ ವೈರಲ್ಲಿ, ಹಳೇ ಸ್ವಿಚ್ಚಲ್ಲಿ ಕರೆಂಟು ಸೋರಿ ಬಲ್ಬು ಹಳದಿಯಾಗಿ ಉರೀತಿತ್ತು. ಬ್ಯಾಟರಿಯಿಂದ ದಪ್ಪ ವೈರು, ಎರಡು ರಿಲೇ, ಅದೇ 60/55 ವಾಟಿನ ಬಲ್ಬು. ಬೇಗೂರು ರಸ್ತೆಯಲ್ಲಿ ದೀಪ ಇಲ್ಲದ ಎತ್ತಿನ ಗಾಡಿ ಈಗ ಮೊದಲೇ ಕಾಣುತ್ತೆ. ಎದುರಿನವರ ಕಣ್ಣು ಕುಕ್ಕಲ್ಲ. ದೊಡ್ಡ ಚಕ್ರ ಮಾರಿದೆ. ಎಕ್ಸಾಸ್ಟನ್ನೂ ಬಿಚ್ಚಿಟ್ಟೆ, ಅದನ್ನು ಬಿಚ್ಚುವಾಗ ಸ್ವಲ್ಪ ಕರುಳು ಚುರುಕ್ ಅಂದಿದ್ದು ಸುಳ್ಳಲ್ಲ.

ಕಾನೂನಿನ ಮಾತೂ ಹೇಳಿಬಿಡ್ತೀನಿ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿ ಇಲ್ಲದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇದು ಅತಿ ಅಂತ ಮೊದಲು ನಾನೂ ಹಾರಾಡಿದ್ದೆ. ದಿಂಬಂ ಆದ ಮೇಲೆ ಸದ್ದು ಕಡಿಮೆಯಾಗಿದೆ :-)

ನನ್ನ ತಕರಾರು ಬೇರೆ. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 10,000 ಮಾಡಿದರು. 2028ಕ್ಕೆ ನಾನು ಕಟ್ಟಬೇಕಾದ್ದು ಅದು. ಕಟ್ಟೋಣ, ಹಳೇ ಗಾಡಿ ಹೊಗೆ ಹೆಚ್ಚು ಬಿಡುತ್ತೆ ಅನ್ನೋದನ್ನು ನಾನು ಅಲ್ಲಗಳೆಯಲ್ಲ. ಆದರೆ ದುಡ್ಡು ತಗೊಂಡ ಮೇಲೆ ಗಾಡಿ ನೋಡಿ! ಬ್ರಿಟನ್ನಿನಲ್ಲಿ 1960ರಿಂದ ಎಂಒಟಿ ಅನ್ನೋ ಪರೀಕ್ಷೆ ಇದೆ. ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ ಹೋಗಬೇಕು, ಬ್ರೇಕು ಎಷ್ಟು ಹಿಡಿಯುತ್ತೆ ಅಂತ ಅಳೆಯುತ್ತಾರೆ. ನಮ್ಮ ಸ್ವಂತ ಕಾರುಗಳಿಗೆ ಮೊದಲ ತಪಾಸಣೆಯೇ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ವಯಸ್ಸು ನೋಡಿ ದುಡ್ಡು ಕೇಳೋ ವ್ಯವಸ್ಥೆ ಇದೆ, ಆರೋಗ್ಯ ನೋಡೋ ಅಭ್ಯಾಸ ಇಲ್ಲ. ಅವತ್ತು ಯಾರಾದರೂ ಆ ಪೆಡಲು ಜೋರಾಗಿ ಒತ್ತಿ, ಆಯಿಲಿನ ಬಣ್ಣ ನೋಡಿ ನನ್ನ ಕಾರನ್ನು ಫೇಲ್ ಮಾಡಿದ್ದರೆ, ಬೈದುಕೊಂಡೇ ಸರಿ ಮಾಡಿಸ್ತಿದ್ದೆ. ಅಮ್ಮ ಆ ಅರ್ಧ ನಿಮಿಷ ಅನುಭವಿಸೋದು ತಪ್ತಿತ್ತು.

ಗುಜರಿಗೆ ಹಾಕು ಅಂದವರಿಗೆ ಉತ್ತರ ಚಿಕ್ಕದು. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡೋ ಕಾರಿದು. ಹೊಸ ಕಾರಿಗೆ ಕಂತು ಕಟ್ಟೋದಕ್ಕಿಂತ ಇದನ್ನು ರಿಪೇರಿ ಮಾಡೋದು ಅಗ್ಗ. ಇದರಲ್ಲಿ ನನ್ನ ಕೈ ಕಲಿತಿದೆ. ಮಾವ ವಾರಕ್ಕೊಂದು ಸಲ ಫೋನ್ ಮಾಡಿ ಇದರ ಯೋಗಕ್ಷೇಮ ವಿಚಾರಿಸ್ತಾರೆ (ನನ್ನದು ಆಮೇಲೆ).

ಮುಂದಿನ ಕೆಲಸ ಪೆಟ್ರೋಲ್ ಹೋಸುಗಳು. ಈಗ ಬಂಕಲ್ಲಿ ಸಿಗೋದು 20 ಭಾಗ ಎಥನಾಲ್ ಇರೋ ಪೆಟ್ರೋಲು. ಕೆಲವು ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ ಬದಲಾಯಿಸಬೇಕಾಗಬಹುದು ಅಂತ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತ್ತು. ನಮ್ಮದು 2003ರ ರಬ್ಬರು, ನೋಡದೆ ಬಿಡೋ ಹಾಗಿಲ್ಲ. ಅದಕ್ಕೆ ಮುಂದಿನ ತಿಂಗಳು ಮತ್ತೆ ಕೊಯಮತ್ತೂರು, ಮತ್ತೆ ದಿಂಬಂ, ಈ ಸಲ ಎರಡನೇ ಗೇರಲ್ಲಿ. ದಾರಿಯಲ್ಲಿ ಬಣ್ಣಾರಿ ಸಿಗುತ್ತಲ್ಲ ಅಂತ ಅಮ್ಮನ್ನ ಕರೆದೆ.

"ನಾನು ಬಸ್ಸಲ್ ಬತ್ತೀನಿ, ನೀನು ಗುಡಿ ತಾವ ಕಾಯ್ತಿರು" ಅಂದಳು.