ದೀಪದ ಮಸಿಯಲ್ಲಿ ಉಳಿದ ದನಿ

ಮನೆಯವರೆಲ್ಲ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಒಂದು ತುಣುಕು ಹಾಡನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಇಪ್ಪತ್ತು ಸೆಕೆಂಡು ಇದ್ದೀತು, ಅಷ್ಟೆ. ತಗಡಿನ ಮೇಲೆ ಮಳೆ ಸುರಿದಂಥ ಗೊರಗೊರ ಸದ್ದು. ಅದರ ಹಿಂದೆ ಒಬ್ಬ ಗಂಡಸು ಫ್ರೆಂಚ್ ಮಕ್ಕಳ ಹಾಡೊಂದನ್ನು ಬಲು ನಿಧಾನವಾಗಿ, ಒಂದೊಂದೇ ಸ್ವರ ಇಟ್ಟು ನೋಡುವವನಂತೆ ಹಾಡುತ್ತಿದ್ದಾನೆ. ಅವನು ಹಾಡಿದ್ದು 1860ರ ಏಪ್ರಿಲ್ 9ರಂದು. ಎಡಿಸನ್ನನ ಫೋನೋಗ್ರಾಫ್ ಬರಲು ಇನ್ನೂ ಹದಿನೇಳು ವರ್ಷ ಇತ್ತು.

ಅವನ ಹೆಸರು ಎದುವಾರ್ ಲಿಯೋನ್ ಸ್ಕಾಟ್ ದ ಮಾರ್ತಿನ್‌ವಿಲ್. ಪ್ಯಾರಿಸ್ಸಿನಲ್ಲಿ ಅಚ್ಚುಮನೆಯ ಕೆಲಸ. ಶೀಘ್ರಲಿಪಿಯ ಚರಿತ್ರೆಯ ಮೇಲೂ ಪುಸ್ತಕ ಬರೆದಿದ್ದ. ಶರೀರಶಾಸ್ತ್ರದ ಪುಸ್ತಕವೊಂದರ ಕರಡು ತಿದ್ದುವಾಗ ಕಿವಿಯ ರಚನೆಯ ಚಿತ್ರ ಅವನ ಕಣ್ಣಿಗೆ ಬಿತ್ತು. ತಮಟೆಯ ಪರೆ ಅದುರಿದರೆ ಕೇಳಿಸುತ್ತದೆ. ಹಾಗಾದರೆ ಆ ಅದುರಿಕೆಗೆ ಒಂದು ಲೇಖನಿ ಕಟ್ಟಿದರೆ? ಮಾತು ತನ್ನನ್ನು ತಾನೇ ಬರೆದುಕೊಳ್ಳಬಾರದೇಕೆ? ಅಗಲ ಬಾಯಿಯ ಕೊಳವೆ, ಅದರ ತುದಿಗೆ ತೆಳು ಪರೆ, ಪರೆಗೆ ಹಂದಿಯ ಒಂದು ಬಿರುಗೂದಲು. ಎದುರಿಗೆ ದೀಪದ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆ. ಉರುಳೆ ತಿರುಗಿಸುತ್ತ ಕೊಳವೆಯೊಳಗೆ ಹಾಡಿದರೆ ಕೂದಲು ಮಸಿಯಲ್ಲಿ ಬಿಳಿಯ ಅಲೆಗೆರೆ ಎಳೆಯುತ್ತಿತ್ತು. 1857ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆ ಗೆರೆಯನ್ನು ಮತ್ತೆ ದನಿಯಾಗಿಸುವ ಯೋಚನೆ ಅವನಿಗೆ ಇರಲಿಲ್ಲ. ಕಣ್ಣಿನಿಂದ ಓದಬೇಕು, ಅಷ್ಟೇ ಅವನ ಆಸೆ. 1879ರಲ್ಲಿ ತೀರಿಕೊಂಡ. ಕಾಗದಗಳು ಪ್ಯಾರಿಸ್ಸಿನ ಕಡತಗಳಲ್ಲಿ ಮೌನವಾಗಿ ಉಳಿದವು.

2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ದನಿಯಾಗಿಸಿದರು. ಕೇಳಿಸಿದ್ದು ಯಾರೋ ಹುಡುಗಿಯ ಕೊರಳು. ಜಗತ್ತೆಲ್ಲ ಆ ಹುಡುಗಿ ಯಾರಿರಬಹುದು ಎಂದು ಊಹಿಸಿತು. ಮರುವರ್ಷ ತಪ್ಪು ಗೊತ್ತಾಯಿತು. ಉರುಳೆಯನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗ ಒಂದೇ ಸಮ ಇರುತ್ತಿರಲಿಲ್ಲ. ಅದಕ್ಕೆಂದೇ ಸ್ಕಾಟ್ ಪಕ್ಕದಲ್ಲಿ ಒಂದು ಶ್ರುತಿಕವೆಯ ಕಂಪನವನ್ನೂ ಬರೆಸಿಟ್ಟಿದ್ದ, ಕಾಲದ ಅಳತೆಗೋಲಿನಂತೆ. ಆ ಕವೆಯ ಎಣಿಕೆಯನ್ನು ಹೋಗಿಬರುವ ಪೂರ್ತಿ ಅದುರಿಕೆ ಎಂದು ಓದಿದ್ದರು, ಅವನು ಲೆಕ್ಕ ಹಾಕಿದ್ದು ಅರ್ಧರ್ಧವಾಗಿ. ಹಾಗಾಗಿ ಹಾಡು ಎರಡು ಪಟ್ಟು ವೇಗದಲ್ಲಿ ಓಡಿತ್ತು. ವೇಗ ಅರ್ಧಕ್ಕಿಳಿಸಿದಾಗ ಹುಡುಗಿ ಮಾಯವಾಗಿ, ನಡುವಯಸ್ಸಿನ ಗಂಡಸೊಬ್ಬ ಕೊರಳು ತೆರೆದ. ಬಹುಶಃ ಸ್ಕಾಟನೇ. ನನಗೆ ಮೈ ಜುಮ್ಮೆಂದದ್ದು ಇಲ್ಲಿ. ಹಾಡುಗಾರನಲ್ಲದ ಒಬ್ಬ ಮನುಷ್ಯ ತಾನು ಕಟ್ಟಿದ ಯಂತ್ರದ ಮುಂದೆ ನಿಂತು, ಗೆರೆ ಸರಿಯಾಗಿ ಬೀಳಲಿ ಎಂದು ಸ್ವರಗಳನ್ನು ಎಳೆದೆಳೆದು ಹಾಡುತ್ತಿದ್ದಾನೆ. ಅವನ ಆ ಜಾಗ್ರತೆಯನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಅದೇ ಮಸಿ ಮತ್ತೆ ಬಂದದ್ದು ಗ್ರಾಮಫೋನ್ ತಟ್ಟೆಗಳಲ್ಲಿ. ಹಳೆಯ ತಟ್ಟೆಗಳ ಜೀವಾಳ ಅರಗು. ಪಾಂಡವರಿಗೆ ಮನೆ ಕಟ್ಟಿದ ಅದೇ ಅರಗು, ನಮ್ಮ ಕಾಡುಗಳ ಮರದ ರೆಂಬೆಗಳಲ್ಲಿ ಪುಟ್ಟ ಹುಳುಗಳು ಸ್ರವಿಸುವ ಅಂಟು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ಕಪ್ಪು ಬಣ್ಣಕ್ಕೆ ಮಸಿ ಹಾಕುತ್ತಿದ್ದರು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಕೂತು ಗಾಯಕಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡ. ಮೈಕು ಇಲ್ಲದ ಕಾಲ. ತಗಡಿನ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಇಡೀ ರಾತ್ರಿ ಬಿಡಿಸಬಹುದಾದ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕು. ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ಕೂಗುತ್ತಾಳೆ: ‘ಮೈ ನೇಮ್ ಈಸ್ ಗೌಹರ್ ಜಾನ್!’ ಬಹಳ ಕಾಲ ನಾನಿದನ್ನು ಗತ್ತು ಅಂದುಕೊಂಡಿದ್ದೆ. ಆದರೆ ಹಾಡು ಕೊರೆದ ಮೇಣದ ಅಚ್ಚುಗಳು ತಟ್ಟೆಗಳಾಗಲು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿ ಲೇಬಲ್ ಅಂಟಿಸುವವರಿಗೆ ಯಾರ ಹಾಡು ಯಾವುದು ಎಂದು ತಿಳಿಯಬೇಕಿತ್ತು. ಆ ಕೂಗು ವಿಳಾಸ ಬರೆದಂತೆ. ಆದರೂ ಕೇಳಿ ನೋಡಿ, ಗತ್ತೂ ಇದೆ.

ಆ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರನ್ನು. ಐಶ್ವರ್ಯವೆಲ್ಲ ಕರಗಿದ ಮೇಲೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಆರಂಭಿಸಿದ್ದು ಅದೇ ಊರಿನಲ್ಲಿ, 1935ರಲ್ಲಿ. ‘ಆಕಾಶವಾಣಿ’ ಎಂಬ ಹೆಸರು ನಿಂತದ್ದೂ ಅಲ್ಲಿಂದಲೇ. ಗೌಹರ್ ಇನ್ನೊಂದು ಐದಾರು ವರ್ಷ ಬದುಕಿದ್ದರೆ ಎಂದು ಮನಸ್ಸು ಪೇಚಾಡುತ್ತದೆ. ಕೊಳವೆಗೆ ಕೂಗಬೇಕಾದ ಕಷ್ಟವಿಲ್ಲದೆ, ಮೈಕಿನ ಮುಂದೆ ಕೂತು, ಮೆಲುದನಿಯಲ್ಲಿ ಆಕೆ ಒಂದು ಠುಮ್ರಿ ಹಾಡಿದ್ದರೆ ಹೇಗಿರುತ್ತಿತ್ತು?

ಈಗ ಆಕೆಯ ತಟ್ಟೆ ಹಾಕಿಕೊಂಡಿದ್ದೇನೆ. ಹಾಡು ಮುಗಿಯಿತು. ಹೆಸರು ಕೂಗಿದಳು. ಅದಾದ ಮೇಲೂ ಸೂಜಿ ಒಂದಿಷ್ಟು ದೂರ ಸರಸರ ಓಡುತ್ತದೆ, ಕಲ್ಕತ್ತೆಯ ಆ ಕೋಣೆಯ ಒಳಗೇ.