ಹಾಜರಿ ಪುಸ್ತಕದಲ್ಲಿಲ್ಲದ ಅಧ್ಯಾಪಕ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಸ್ಥಾಪಕರು, ದಾನಿಗಳು, ಅಧ್ಯಾಪಕರು ಎಲ್ಲರ ಸ್ಮರಣೆಯೂ ಯುಕ್ತವಾಗಿಯೇ ನಡೆದಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಇನ್ನೊಬ್ಬ ಅಧ್ಯಾಪಕನನ್ನೂ ನೆನೆಯಬೇಕೆಂಬುದು ನನ್ನ ಅಭಿಮತ. ಆತನೇ ಕನ್ನಡ ಪತ್ರಿಕೆಯ ಸಂಪಾದಕ.

ಇದಕ್ಕೆ ನಮ್ಮ ಸೀಮೆಯ ಶ್ರೇಷ್ಠ ನಿದರ್ಶನ ಕಡೆಂಗೋಡ್ಲು ಶಂಕರಭಟ್ಟರು. 1904ರಲ್ಲಿ, ಇಂದಿನ ಗಡಿಗೆ ಸಮೀಪದ ಪೆರುವಾಯಿಯಲ್ಲಿ ಜನಿಸಿದ ಅವರನ್ನು ನಾಡು 'ಘೋಷಯಾತ್ರೆ'ಯ ಕವಿಯೆಂದು ಬಲ್ಲದು. ಆದರೆ ಸ್ವಾತಂತ್ರ್ಯ ಹೋರಾಟದ ದಿನಗಳಿಂದ ಮೊದಲ್ಗೊಂಡು ದೀರ್ಘಕಾಲ ಮಂಗಳೂರಿನ 'ರಾಷ್ಟ್ರಬಂಧು' ವಾರಪತ್ರಿಕೆಯ ಹೊಣೆ ಹೊತ್ತವರೂ ಅವರೇ. ಅದರೊಡನೆ ಕಾಲೇಜಿನಲ್ಲಿ ಕನ್ನಡ ಅಧ್ಯಾಪನ, ಕಾವ್ಯ, ಕಾದಂಬರಿ, ವಿಮರ್ಶೆ. 1965ರ ಕಾರವಾರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. 1968ರಲ್ಲಿ ಅವರು ಗತಿಸಿದರು.

ಪತ್ರಿಕೆಯ ದುಡಿಮೆ ಕವಿಯ ಆಯುಷ್ಯವನ್ನು ನುಂಗಿತೆಂದು ಕೆಲವರು ಹೇಳಬಹುದು. ನಾನು ಒಪ್ಪಲಾರೆ. ಕಾವ್ಯವನ್ನು ಅರಸಿ ಓದುವವರು ಕೆಲವರು. ಪತ್ರಿಕೆಯಾದರೋ ಓದು ಬಾರದವನ ಕಿವಿಗೂ ತಲಪುತ್ತದೆ. ಜಗಲಿಯಲ್ಲಿ ಒಬ್ಬರು ಓದಿದರೆ ಹತ್ತು ಮಂದಿ ಕೇಳುತ್ತಿದ್ದ ಕಾಲವದು. ಶುದ್ಧವಾದ, ಸರಳವಾದ ಗದ್ಯ ಹಳ್ಳಿಯ ಮನೆಗಳನ್ನು ಹೊಕ್ಕುದು ಹಾಗೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಡಳಿತದ ಭಾಷೆ ಬದಲಾಯಿತು. ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದರೂ ಅದು ಕಾರ್ಯಗತವಾಗಲಿಲ್ಲ. ಆದರೂ ಮಂಗಳೂರಿನಿಂದ, 1970ರಿಂದೀಚೆಗೆ ಮಣಿಪಾಲದಿಂದ 'ಉದಯವಾಣಿ'ಯಾಗಿ, ಪತ್ರಿಕೆಯ ಕಟ್ಟು ಗಡಿ ದಾಟಿ ಬರುತ್ತಲೇ ಇತ್ತು. ನಮ್ಮ ಮಕ್ಕಳಿಗೆ ಪಠ್ಯಪುಸ್ತಕದ ಹೊರಗೆ ಪ್ರತಿದಿನ ದೊರೆತ ಕನ್ನಡ ಅದೊಂದೇ.

ಇಲ್ಲಿ ಸುದ್ದಿ ಸಂಪಾದಕನ ಹೊಣೆಯನ್ನು ನಾವು ಅರಿಯಬೇಕು. ವರದಿಗಾರನ ಹೆಸರು ಅಚ್ಚಾಗುತ್ತದೆ, ಇವನದು ಆಗುವುದಿಲ್ಲ. ರಾತ್ರಿ ಬಂದ ಸುದ್ದಿಯ ನಿಜಾನಿಜಗಳನ್ನು ತೂಗುವವನು, ಹತ್ತು ವಾಕ್ಯಗಳನ್ನು ನಾಲ್ಕಕ್ಕೆ ಇಳಿಸುವವನು ಇವನೇ. ನಮ್ಮ ಊರಿನ ಹೆಸರೂ ಇವನ ಲೇಖನಿಯ ತುದಿಯಲ್ಲಿದೆ. 'ಮಂಜೇಶ್ವರ'ವನ್ನು 'ಮಂಜೇಶ್ವರಂ' ಎಂದು, 'ಕುಂಬಳೆ'ಯನ್ನು 'ಕುಂಬ್ಳ' ಎಂದು ಬಂದಂತೆಯೇ ಅಚ್ಚಿಗೆ ಕಳುಹಿಸಿದರೆ, ಮುಂದಿನ ತಲೆಮಾರು ಅದನ್ನೇ ಸರಿಯೆಂದು ತಿಳಿಯುತ್ತದೆ. ಫಲಕ ಬದಲಾದರೆ ಮನವಿ ಸಲ್ಲಿಸಬಹುದು. ನಾಲಗೆ ಬದಲಾದರೆ ಯಾರಿಗೆ ಸಲ್ಲಿಸೋಣ?

ಮುಖ್ಯೋಪಾಧ್ಯಾಯನಾಗಿದ್ದಾಗ ಬೆಳಗಿನ ಪ್ರಾರ್ಥನೆಯ ಬಳಿಕ ವಿದ್ಯಾರ್ಥಿಯೊಬ್ಬನಿಂದ ವಾರ್ತೆ ಓದಿಸುತ್ತಿದ್ದೆ. ಉಚ್ಚಾರ ತಿದ್ದಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ದೊರೆಯಲಿಲ್ಲ. ಇಂದು ಮನೆಮನೆಯಲ್ಲಿ ಮೊಬೈಲಿದೆ. ಯಾರು ಬರೆದರು, ಯಾರು ಪರಿಶೀಲಿಸಿದರು ಎಂದು ತಿಳಿಯದ ಸುದ್ದಿ ಕ್ಷಣದಲ್ಲಿ ಹರಡುತ್ತದೆ. ಪತ್ರಿಕೆ ತಪ್ಪಿದರೆ ಮರುದಿನ ತಿದ್ದುಪಡಿ ಕೇಳಬಹುದು. ಇದಕ್ಕೆ ಕೇಳುವುದು ಯಾರನ್ನು?

ಆದುದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಎರಡು. ಪ್ರತಿಯೊಂದು ಮನೆಯೂ ಒಂದು ಕನ್ನಡ ಪತ್ರಿಕೆಯನ್ನು ತರಿಸಲಿ, ಮಕ್ಕಳು ಅದನ್ನು ಗಟ್ಟಿಯಾಗಿ ಓದಲಿ. ಶಾಲೆಯಲ್ಲಿ ಮಕ್ಕಳೇ ಬರೆದು ಮಕ್ಕಳೇ ತಿದ್ದುವ ಗೋಡೆಪತ್ರಿಕೆಯೊಂದು ಈ ವರ್ಷವೇ ಆರಂಭವಾಗಲಿ. ಅದರ ಕಾಗದ, ಶಾಯಿಯ ವೆಚ್ಚವನ್ನು ನಾವು ಹೊರೋಣ. ಸುವರ್ಣ ಮಹೋತ್ಸವದ ಚಪ್ಪರ ಬಿಚ್ಚಿದ ಮೇಲೂ ಉಳಿಯುವಂಥ ಕೆಲಸವಿದು.