ವಿಆರ್ ಕನ್ನಡಕದೊಳಗಿನ ಕೋವಿ: ಹೈಸ್ಕೂಲ್ ಮಕ್ಕಳ ಕೈಗೆ ಕೊಡಬಹುದೇ?

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಎರಡೂ ಕೈಗಳಲ್ಲಿ ಕಂಟ್ರೋಲರ್ ಹಿಡಿದು, ಕೋಣೆಯ ನಡುವೆ ನಿಂತು ಆಡುವ ಶೂಟಿಂಗ್ ಆಟಗಳಲ್ಲಿ ‘ಬೋನ್‌ವರ್ಕ್ಸ್’ ಬೇರೆಯೇ ಜಾತಿಯದು. ಲಾಸ್ ಏಂಜಲೀಸ್‌ನ ಸ್ಟ್ರೆಸ್ ಲೆವೆಲ್ ಜೀರೊ ಸ್ಟುಡಿಯೊ 2019ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ ಈ ಆಟದಲ್ಲಿ ಕೈಗೆ ಸಿಕ್ಕ ವಸ್ತುವಿಗೆಲ್ಲ ಭಾರವಿದೆ, ಜಡತ್ವವಿದೆ. ಆಟಗಾರನ ಮೈಗೂ ಇದೆ. ಅದರ ಮುಂದಿನ ಆಟ ‘ಬೋನ್‌ಲ್ಯಾಬ್’ ಬಂದದ್ದು 2022ರ ಸೆಪ್ಟೆಂಬರ್ 29ರಂದು. ಅದಕ್ಕೆ ದುಬಾರಿ ಕಂಪ್ಯೂಟರೂ ಬೇಡ, ಕ್ವೆಸ್ಟ್ 2 ಹೆಡ್‌ಸೆಟ್ ಒಂದಿದ್ದರೆ ಸಾಕು. ಹಾಗಾಗಿ ಈ ಪ್ರಶ್ನೆ ಈಗ ಗುರುಗ್ರಾಮ, ನೊಯ್ಡಾದ ಫ್ಲ್ಯಾಟುಗಳ ಹಾಲಿನೊಳಗೂ ಕಾಲಿಟ್ಟಿದೆ. ಪರವಾಗಿ ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂದೆಯೊಬ್ಬರು, ವಿರೋಧವಾಗಿ ದೆಹಲಿಯ ಆರ್.ಕೆ. ಪುರದ ಶಿಕ್ಷಕಿಯೊಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಪಬ್‌ಜಿಯ ಪಾಪವನ್ನು ಇದಕ್ಕೆ ಕಟ್ಟಬೇಡಿ

ದೆಹಲಿಯಲ್ಲಿ ಮಕ್ಕಳ ವಿಡಿಯೊ ಗೇಮ್ ಬಗ್ಗೆ ಯಾರು ಬಾಯಿ ತೆರೆದರೂ ಮಾತು ಪಬ್‌ಜಿಗೆ ಹೋಗಿ ನಿಲ್ಲುತ್ತದೆ. 2019ರ ಜನವರಿ 29ರಂದು ತಾಲ್ಕಟೋರಾ ಕ್ರೀಡಾಂಗಣದ ‘ಪರೀಕ್ಷಾ ಪೇ ಚರ್ಚಾ’ದಲ್ಲಿ ತಾಯಿಯೊಬ್ಬರು ಮಗನ ಆನ್‌ಲೈನ್ ಆಟದ ಗೀಳನ್ನು ಹೇಳಿಕೊಂಡಾಗ ಪ್ರಧಾನಿ, ಇವನು ಪಬ್‌ಜಿಯವನೇ ಎಂದು ಕೇಳಿದರು, ಸಭೆ ನಕ್ಕಿತು. ಮರುವರ್ಷದ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳಲ್ಲ. ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಹುಟ್ಟಿ, ಒಮ್ಮೆ ಮಾಯವಾಗಿ, 2023ರಲ್ಲಿ ಮರಳಿದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆ ಎಂಬ ಮಿತಿ ಹಾಕಿಕೊಂಡಿತು. ದಿನಕ್ಕೆ ಮೂರು ಗಂಟೆ! ಇದನ್ನು ಮಿತಿ ಎನ್ನುವವರ ಧೈರ್ಯ ಮೆಚ್ಚಬೇಕು.

ವಿಆರ್ ಆಟಕ್ಕೆ ಇಂಥ ಬೇಲಿಯೇ ಬೇಡ, ಮೈಯೇ ಸಾಕು ಎನ್ನುತ್ತದೆ. ಮೊಬೈಲಿನಲ್ಲಿ ಹುಡುಗ ಸೋಫಾದ ಮೇಲೆ ಬಿದ್ದುಕೊಂಡು ಎರಡು ಹೆಬ್ಬೆರಳು ಆಡಿಸುತ್ತಾನೆ. ಇಲ್ಲಿ ನಿಲ್ಲಬೇಕು, ಕುಕ್ಕರಗಾಲಲ್ಲಿ ಕೂರಬೇಕು, ತೋಳೆತ್ತಿ ಗೋಡೆ ಹತ್ತಬೇಕು. ಮೌಸ್ ಹಿಡಿದು ಆಡುವ ಆಟದಲ್ಲಿ ಗುಂಡು ತುಂಬಿಸಲು ಒಂದು ಕೀ ಒತ್ತಿದರೆ ಮುಗಿಯಿತು. ಬೋನ್‌ವರ್ಕ್ಸ್‌ನಲ್ಲಿ ಖಾಲಿ ಮ್ಯಾಗಜಿನ್ ಕೆಡವಿ, ಸೊಂಟದಿಂದ ಇನ್ನೊಂದು ತೆಗೆದು, ಕೂರಿಸಿ, ಸ್ಲೈಡ್ ಎಳೆಯಬೇಕು. ಒಂದೇ ಕೈಯಲ್ಲಿ ಹಿಡಿದರೆ ಕೋವಿ ಚಿಮ್ಮುತ್ತದೆ, ಎರಡನೆಯ ಕೈ ಕೊಟ್ಟರೆ ಹದಕ್ಕೆ ಬರುತ್ತದೆ. ದೊಡ್ಡ ಸುತ್ತಿಗೆ ಬೀಸಿದರೆ ಅದು ಕೈಗಿಂತ ಹಿಂದೆ ಉಳಿಯುತ್ತದೆ. ಹಾರೆ ಬಾಗಿಲಿನ ಸಂದಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವ ತನಕ ಮುಂದೆ ಹೋಗುವಂತಿಲ್ಲ. ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬಲ ಮತ್ತು ಚಲನೆಯ ಪಾಠವಿತ್ತಲ್ಲ, ಅದನ್ನು ನನ್ನ ಮಗಳು ಉರು ಹೊಡೆದದ್ದು ಪುಸ್ತಕದಿಂದ, ಅರ್ಥಮಾಡಿಕೊಂಡದ್ದು ಆ ಸುತ್ತಿಗೆಯಿಂದ. ಅರ್ಧ ಗಂಟೆ ಆಡಿದರೆ ಬೆನ್ನು ಬೆವರುತ್ತದೆ, ಹೆಡ್‌ಸೆಟ್ ತಾನಾಗಿಯೇ ಕೆಳಗಿಳಿಯುತ್ತದೆ.

ಬೆವರಿನ ಮಾತು ಈ ಊರಿನಲ್ಲಿ ಸಣ್ಣದಲ್ಲ. 2024ರ ನವೆಂಬರ್ 18ರಂದು ರಾಜಧಾನಿ ಪ್ರದೇಶದಲ್ಲಿ ಮಾಲಿನ್ಯ ತಡೆಯ ನಾಲ್ಕನೇ ಹಂತದ ನಿರ್ಬಂಧ ಜಾರಿಯಾಗಿ ಪಾಠ ಆನ್‌ಲೈನಿಗೆ ಹೋಯಿತು. ಸೊಸೈಟಿಯ ಪಾರ್ಕಿಗೆ ಮಕ್ಕಳನ್ನು ಕಳಿಸುವಂತಿರಲಿಲ್ಲ. ಹೊಗೆಮಂಜಿನ ವಾರಗಳಲ್ಲಿ ಹದಿನೈದರ ಮಗು ಮನೆಯೊಳಗೆ ಕೈಕಾಲು ಆಡಿಸಲು ದಾರಿ ಏನು? ಮೈದಾನಕ್ಕೆ ಹೋಗಲಿ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

ಇನ್ನು ಕೋವಿ. ಬೋನ್‌ವರ್ಕ್ಸ್‌ನಲ್ಲಿ ಎದುರಾಗುವವರಲ್ಲಿ ಹೆಚ್ಚಿನವರು ಮುಖವಿಲ್ಲದ ಡಿಜಿಟಲ್ ಬೊಂಬೆಗಳು. ಆಂಟನ್ ಹ್ಯಾಂಡ್ ಎಂಬುವರು 2016ರಿಂದ ಕಟ್ಟುತ್ತಿರುವ ಇನ್ನೊಂದು ವಿಆರ್ ಕೋವಿ ಆಟದಲ್ಲಂತೂ ಶತ್ರುಗಳೆಲ್ಲ ಸಾಸೇಜುಗಳು, ನಿಜಕ್ಕೂ ತಿನ್ನುವ ಸಾಸೇಜುಗಳು. ಕೋವಿಯ ಯಂತ್ರದ ಮೇಲಿನ ಆಸಕ್ತಿಗೆ ಮನುಷ್ಯರು ಗುರಿಯಾಗಬೇಕಿಲ್ಲ ಎಂದು ತಯಾರಕರಿಗೂ ಗೊತ್ತಿದೆ. ಕೋವಿ ಕಂಡ ಮಕ್ಕಳೆಲ್ಲ ಕೆಟ್ಟರು ಎನ್ನುವುದಾದರೆ ಕೊಡಗಿಗೆ ಏನು ಹೇಳುತ್ತೀರಿ? ಕೈಲ್‌ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಇಲ್ಲೇ ಪಕ್ಕದ ಝಜ್ಜರ್ ಜಿಲ್ಲೆಯ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಹಿಡಿದೇ ಎರಡು ಕಂಚು ಗೆದ್ದರು.

ಸಂಶೋಧನೆಯನ್ನೂ ನೋಡಿ. ಆಕ್ಸ್‌ಫರ್ಡ್‌ನ ತಜ್ಞರು 2019ರಲ್ಲಿ 14–15 ವಯಸ್ಸಿನ 1,004 ಬ್ರಿಟಿಷ್ ಮಕ್ಕಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಮಾತನಾಡಿಸಿ, ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ ಎಂದು ಪ್ರಕಟಿಸಿದರು. ನಮ್ಮ ಮನೆಯಲ್ಲಿ ಕನ್ನಡಕದೊಳಗಿನದು ಟಿವಿಯಲ್ಲೂ ಕಾಣಬೇಕೆಂಬ ನಿಯಮ ಹಾಕಿ ಮಗಳಿಗೆ ಆಟ ಕೊಟ್ಟಿದ್ದೇನೆ. ವಾಪಸ್ ಕಸಿದುಕೊಳ್ಳಲು ಈವರೆಗೆ ಕಾರಣ ಸಿಕ್ಕಿಲ್ಲ.

ವಿರೋಧ: ಭಾರ ಸುಳ್ಳು, ಅಭ್ಯಾಸ ನಿಜ

ಗುರುಗ್ರಾಮದ ಸೋದರರು ಬರೆದದ್ದರಲ್ಲಿ ಬೆವರಿನ ಮಾತು ಪೂರ್ತಿ ನಿಜ. ನವೆಂಬರ್‌ನಲ್ಲಿ ಕಿಟಕಿ ಮುಚ್ಚಿಕೊಂಡು ಪಾಠ ಹೇಳಿದವಳು ನಾನು. ಆದರೆ ಬೆವರಬೇಕಾದರೆ ಕೋವಿಯೇ ಏಕೆ? ತಾಳಕ್ಕೆ ಸರಿಯಾಗಿ ಕೈ ಬೀಸುತ್ತ ಹಾರಿ ಬರುವ ಚೌಕಗಳನ್ನು ಕತ್ತರಿಸುವ ‘ಬೀಟ್ ಸೇಬರ್’ 2018ರಿಂದಲೇ ಇದೆ. ಇನ್ನೂ ಹೆಚ್ಚು ಬೆವರುತ್ತಾರೆ.

ಅವರು ಎತ್ತಿದ ಭೌತಶಾಸ್ತ್ರವನ್ನೇ ಹಿಡಿಯೋಣ. ಆಟದ ಸುತ್ತಿಗೆ ಭಾರ ಎನ್ನುತ್ತಾರೆ. ಮಗುವಿನ ಕೈಯಲ್ಲಿರುವುದು ಮುಷ್ಟಿಯಷ್ಟು ಪ್ಲಾಸ್ಟಿಕ್. ಸುತ್ತಿಗೆ ಎತ್ತಿದರೂ ಅಷ್ಟೇ ತೂಕ, ಪಿಸ್ತೂಲು ಎತ್ತಿದರೂ ಅಷ್ಟೇ. ಪರದೆಯೊಳಗಿನ ಕೈಯನ್ನು ತಡವಾಗಿ ಚಲಿಸುವಂತೆ ತೋರಿಸಿ ಕಣ್ಣಿಗೆ ಭಾರದ ಭ್ರಮೆ ಹುಟ್ಟಿಸುತ್ತಾರೆ. ನಿಜವಾದ ಕೈ ಆಗಲೇ ಮುಂದೆ ಹೋಗಿರುತ್ತದೆ. ಮೈ ನಿಂತಲ್ಲೇ ಇದ್ದು ಪರದೆಯ ನೋಟ ಮಾತ್ರ ಚಲಿಸಿದಾಗಲೂ ಇಂಥದೇ ಗೊಂದಲ: ಕಣ್ಣು ಒಂದು ಹೇಳಿ, ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳಿದಾಗಲೇ ಹೊಟ್ಟೆ ತೊಳೆಸುವುದು. ವಿಆರ್ ಆಡಿ ಮೊದಲೇ ಅನುಭವ ಇದ್ದವರು ಆಡಿದರೆ ಒಳ್ಳೆಯದು ಎಂದು ಬೋನ್‌ವರ್ಕ್ಸ್ ತಯಾರಕರೇ ಸೂಚಿಸುತ್ತಾರೆ. ಆಟದಲ್ಲಿ ಕೋವಿ ಒದೆಯುವುದೂ ಭಾರದ ಹಾಗೆ ಭ್ರಮೆಯೇ, ಕಂಟ್ರೋಲರ್ ಗುಂಯ್ಗುಟ್ಟುತ್ತದೆ ಅಷ್ಟೆ, ಹೆಗಲು ನೋಯುವುದಿಲ್ಲ.

ಅಂದರೆ ನಿಜದ ಕೋವಿಯಲ್ಲಿ ಮನುಷ್ಯನನ್ನು ತಡೆದು ನಿಲ್ಲಿಸುವುದೆಲ್ಲ (ತೂಕ, ಒದೆತ, ಕಿವಿಗಡಚಿಕ್ಕುವ ಸದ್ದು, ಭಯ) ಇಲ್ಲಿ ಸುಳ್ಳು. ಕೈಯ ಚಲನೆ ಮಾತ್ರ ನಿಜ. ಎತ್ತು, ಗುರಿಯಿಡು, ಟ್ರಿಗರ್ ಎಳೆ, ಮ್ಯಾಗಜಿನ್ ಬದಲಿಸು. ಸೈಕಲ್ ಕಲಿತವರು ಮರೆಯುವುದಿಲ್ಲ ಎನ್ನುತ್ತೇವಲ್ಲ, ಅದೇ ಬಗೆಯ ಕಲಿಕೆ ಇದು. ಮೈ ಕಲಿಯುತ್ತದೆ. ಇದೇ ಆಟದ ಹೆಗ್ಗಳಿಕೆ ಎಂದು ಹೇಳಿಕೊಂಡ ಮೇಲೆ, ಮಕ್ಕಳು ಏನೂ ಕಲಿಯುವುದಿಲ್ಲ ಬಿಡಿ ಎಂದು ಅದೇ ಉಸಿರಿನಲ್ಲಿ ಹೇಳಲಾಗದು.

ಮನು ಭಾಕರ್ ಹೆಸರು ಬಂತು, ಒಳ್ಳೆಯದಾಯಿತು. ದೆಹಲಿಯ ತುಘಲಕಾಬಾದ್ ಬಳಿ 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಇದೆ. ಅಲ್ಲಿರಲಿ, ಎಲ್ಲೇ ಇರಲಿ, ರೇಂಜಿಗೆ ಕಾಲಿಟ್ಟ ಮಗುವಿಗೆ ಕಲಿಸುವ ಮೊದಲ ಪಾಠ ಗುರಿ ಹೊಡೆಯುವುದಲ್ಲ. ನಳಿಗೆ ಸದಾ ಗುರಿಫಲಕದ ಕಡೆಗೇ ಇರಬೇಕು, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮುಟ್ಟಬಾರದು, ಕೋವಿ ಖಾಲಿಯಿದ್ದರೂ ಮನುಷ್ಯನ ಕಡೆ ತಿರುಗಿಸಬಾರದು. ತರಬೇತುದಾರ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಬೋನ್‌ವರ್ಕ್ಸ್ ಈ ಮೂರೂ ಪಾಠಗಳನ್ನು ಮೊದಲ ಗಂಟೆಯಲ್ಲೇ ಅಳಿಸುತ್ತದೆ. ಕೊಡಗಿನ ಮಾತೂ ಅಷ್ಟೇ. ಅಲ್ಲಿ ಕೋವಿಗೆ ಪೂಜೆಯಿದೆ, ಮನೆಯ ಹಿರಿಯರಿದ್ದಾರೆ, ಗುರಿಯಿಡುವುದು ಮರದ ಮೇಲಿನ ತೆಂಗಿನಕಾಯಿಗೆ. ಕೈಗೆ ಕೋವಿ ಬರುವ ಮೊದಲು ಅದರ ಮರ್ಯಾದೆ ಬರುತ್ತದೆ. ಆ ಮರ್ಯಾದೆಯನ್ನು ಬಿಟ್ಟು ಕೋವಿಯನ್ನು ಮಾತ್ರ ಎತ್ತಿಕೊಂಡು ಬಂದು ವಾದಕ್ಕೆ ಇಡುವುದು ಕೊಡಗಿಗೆ ಮಾಡುವ ನ್ಯಾಯವಲ್ಲ.

ಮುಖವಿಲ್ಲದ ಬೊಂಬೆಗಳ ಸಮಾಧಾನ ಬೋನ್‌ಲ್ಯಾಬ್ ಬಂದಾಗಲೇ ಮುಗಿಯಿತು. ಆಡುವವರೇ ಹೊಸ ದೇಹ, ಹೊಸ ಆಯುಧ, ಹೊಸ ತಾಣಗಳನ್ನು ಮಾಡಿ ಸೇರಿಸಲು ತಯಾರಕರೇ ಬಾಗಿಲು ತೆರೆದಿದ್ದಾರೆ. ಕಂಪ್ಯೂಟರ್ ಬಲ್ಲ ಹದಿನಾಲ್ಕರ ಹುಡುಗ ಅಲ್ಲಿ ಏನನ್ನು ತಂದು ನಿಲ್ಲಿಸುತ್ತಾನೋ ಆಟದ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಟಿವಿಯಲ್ಲಿ ಕಂಡರೆ ಸರಿ, ಎಷ್ಟು ಮನೆಗಳಲ್ಲಿ ತಂದೆ ತಾಯಿ ಪಕ್ಕದಲ್ಲಿ ಕೂತು ನೋಡುತ್ತಾರೆ?

ಆಕ್ಸ್‌ಫರ್ಡ್ ಅಧ್ಯಯನವನ್ನು ನಾನು ತಳ್ಳಿಹಾಕುವುದಿಲ್ಲ. ಆಟ ಆಡಿದವ ಕೊಲೆಗಡುಕನಾಗುತ್ತಾನೆ ಎನ್ನುವುದು ಅರ್ಥವಿಲ್ಲದ ಮಾತು. ಅಮೆರಿಕದ ಮನೋವಿಜ್ಞಾನಿಗಳ ಸಂಘವೂ 2020ರಲ್ಲಿ ಅಪರಾಧಕ್ಕೂ ಆಟಕ್ಕೂ ಗಂಟು ಹಾಕಬೇಡಿ ಎಂದು ಎಚ್ಚರಿಸಿತು. ಆದರೆ ಕೂಗಾಡುವುದು, ತಳ್ಳುವುದು ಮುಂತಾದ ವರ್ತನೆಯೊಂದಿಗೆ ಸಣ್ಣದಾದರೂ ನಂಟು ಇದೆ ಎಂದೂ ಅದೇ ಠರಾವು ಹೇಳಿತು. ತರಗತಿಯಲ್ಲಿ ನಿಲ್ಲುವವಳಿಗೆ ಬೇಕಾದದ್ದು ಈ ಎರಡನೆಯ ವಾಕ್ಯ. ಗೀಳಿನ ವಿಷಯ ಬೇರೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಕ್ಲಿನಿಕ್ ಇದೆ, ದೆಹಲಿಯ ಏಮ್ಸ್‌ನಲ್ಲೂ ಇದೆ.

ನನ್ನ ದೊಡ್ಡ ತಕರಾರು ಕಾನೂನಿನ ಮೇಲೆ. ಸಿನಿಮಾಕ್ಕೆ ನಾವು 2023ರ ತಿದ್ದುಪಡಿಯಲ್ಲಿ 7, 13, 16 ವರ್ಷ ಎಂದು ಮೂರು ಮೆಟ್ಟಿಲು ಮಾಡಿದೆವು. ಕತ್ತಲಲ್ಲಿ ಕೂತು ಯಾರೋ ಹೊಡೆಯುವುದನ್ನು ನೋಡಲು ಇಷ್ಟು ಕಟ್ಟಳೆ. ತಾನೇ ಕೈಯಾರೆ ಹೊಡೆಯುವ ಆಟಕ್ಕೆ ನಮ್ಮ ದೇಶದ್ದೆಂಬ ವಯಸ್ಸಿನ ಮುದ್ರೆಯೇ ಇಲ್ಲ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಎರಡು ದಿನಗಳಲ್ಲಿ ಎರಡೂ ಸದನ ದಾಟಿತು, ಅದರ ಕಣ್ಣು ಇದ್ದದ್ದು ಹಣದ ಆಟದ ಮೇಲೆ. ಕ್ವೆಸ್ಟ್ ಹೆಡ್‌ಸೆಟ್‌ನ ಕನಿಷ್ಠ ವಯಸ್ಸನ್ನು ಮೆಟಾ ಕಂಪನಿ 2023ರಲ್ಲಿ, ಪೋಷಕರ ಒಪ್ಪಿಗೆಯ ಷರತ್ತಿನ ಮೇಲೆ, 13ರಿಂದ 10ಕ್ಕೆ ಇಳಿಸಿತು. ನಮ್ಮ ಯಾವ ಮಂಡಳಿಯನ್ನೂ ಕೇಳಬೇಕಾಗಿರಲಿಲ್ಲ.

ಕೋವಿ ಬರೀ ಕಥೆಯಾಗಿರುವ ಊರಲ್ಲ ಇದು. ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಖುಷಿಗೆ ಇಲ್ಲಿ ಜೀವಗಳು ಹೋಗಿವೆ. ಅದನ್ನು ತಡೆಯಲೆಂದೇ 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಬರೆಯಬೇಕಾಯಿತು.

ಹದಿನಾರು ದಾಟುವವರೆಗೆ ಈ ಆಟ ಬೇಡ ಎನ್ನುವುದು ನನ್ನ ನಿಲುವು. ಒಪ್ಪದ ಪೋಷಕರು ಇಷ್ಟನ್ನಾದರೂ ಮಾಡಿ. ಮಗುವಿನ ತಲೆಗೆ ಕಟ್ಟುವ ಮೊದಲು ಹೆಡ್‌ಸೆಟ್ ನೀವೇ ಹಾಕಿಕೊಂಡು ಒಂದು ಗಂಟೆ ಆಡಿ, ಆಮೇಲೆ ಕೊಡುವುದೋ ಬಿಡುವುದೋ ತೀರ್ಮಾನಿಸಿ.